ಕಠಿನವಾದ ವಿಡಿಯೋ ಆಟಗಳಿಂದ ಮಕ್ಕಳು ಕಲಿಯುವುದೇನು?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿದ್ದಾರೆ. ಅವರು ಮಕ್ಕಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಾಗ ಹೇಳುವ ದೂರುಗಳಲ್ಲಿ ಒಂದು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತದೆ: "ಮಗು ಹೊತ್ತುಗೊತ್ತಿಲ್ಲದೆ ವಿಡಿಯೋ ಆಟದಲ್ಲಿ ಮುಳುಗಿರುತ್ತದೆ, ನೀವಾದರೂ ಬುದ್ಧಿ ಹೇಳಬೇಕು." ಬಹುಕಾಲದ ವರೆಗೆ ನಾವು ಈ ಮಾತಿಗೆ ತಲೆದೂಗಿ, ಹುಡುಗಿಯನ್ನು ಕರೆದು ಬುದ್ಧಿ ಹೇಳಿ ಕಳುಹಿಸುತ್ತಿದ್ದೆವು. ಆದರೆ ಆ ಆಟಗಳಲ್ಲಿ ಒಂದನ್ನಾದರೂ ನಾವು ಕಣ್ಣಾರೆ ಕಂಡಿರಲಿಲ್ಲ. ಕಾಣದ ವಸ್ತುವಿನ ಮೇಲೆ ತೀರ್ಪು ಕೊಡುವುದು ಉಪಾಧ್ಯಾಯಿನಿಗೆ ಒಪ್ಪುವ ಕೆಲಸವಲ್ಲವೆಂದು ನಮಗೆ ತಿಳಿಯಪಡಿಸಿದವರು ಒಬ್ಬ ತಾಯಿ.

ಅವರ ಮಗಳು ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ನಡತೆಯಲ್ಲಿ ಸೌಮ್ಯೆ, ಅಕ್ಷರ ಮುತ್ತಿನಂತೆ. ಆದರೆ ಬೀಜಗಣಿತದ ಪರೀಕ್ಷೆಯಲ್ಲಿ ಆಕೆ ಒಪ್ಪಿಸಿದ ಕಾಗದದಲ್ಲಿ ಹೆಸರಿನ ಹೊರತು ಒಂದಕ್ಷರವೂ ಇರಲಿಲ್ಲ. ಕಾರಣವನ್ನು ಕೇಳಲು, "ತಪ್ಪಾದೀತೆಂದು ಬರೆಯಲಿಲ್ಲ, ಟೀಚರ್" ಎಂದಳು. ತಾಯಿಯನ್ನು ಕರೆಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನವರೇ, ಇದೇ ಹುಡುಗಿ ಮನೆಯಲ್ಲಿ ಅಣ್ಣನ ಕಂಪ್ಯೂಟರಿನ ಮುಂದೆ ಕುಳಿತು ಬೆಟ್ಟ ಹತ್ತುವ ಒಂದು ಆಟ ಆಡುತ್ತಾಳೆ. ಒಂದು ಸಂಜೆಯಲ್ಲಿ ನೂರು ಸಲ ಬೀಳುತ್ತಾಳೆ. ಒಂದು ಸಲವೂ ಅಳುವುದಿಲ್ಲ. ಲೆಕ್ಕದ ಪುಸ್ತಕ ತೆರೆದರೆ ಐದು ನಿಮಿಷಕ್ಕೆ ಕಣ್ಣೀರು. ಇದಕ್ಕೆ ಏನು ಹೇಳುತ್ತೀರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಶನಿವಾರ ಅವರ ಮನೆಗೆ ಹೋಗಿ ಹುಡುಗಿಯ ಪಕ್ಕದಲ್ಲಿ ಕುಳಿತೆವು.

ಆ ಆಟದ ಹೆಸರು 'ಸೆಲೆಸ್ಟ್'. ಮ್ಯಾಡಿ ಥಾರ್ಸನ್, ನೋಯಲ್ ಬೆರ್ರಿ ಮೊದಲಾದವರು ರಚಿಸಿದ ಇದು 2018ರಲ್ಲಿ ಪ್ರಕಟವಾಯಿತು. ಮ್ಯಾಡಲಿನ್ ಎಂಬ ಯುವತಿ ತನ್ನ ಮನಸ್ಸಿನ ಕಳವಳವನ್ನು ಹೊತ್ತುಕೊಂಡೇ ಒಂದು ಮಹಾಪರ್ವತವನ್ನು ಏರುವುದು ಇದರ ಕಥೆ. ಆಡುವವರಿಗೆ ಮುಖ್ಯವಾಗಿ ಬೇಕಾದ ವಿದ್ಯೆಗಳು ಮೂರೇ: ನೆಗೆಯುವುದು, ಗೋಡೆಯನ್ನು ಹಿಡಿದು ಏರುವುದು, ಗಾಳಿಯಲ್ಲಿರುವಾಗ ಒಂದು ಸಲ ಮುನ್ನುಗ್ಗುವುದು. ನೆಲವನ್ನು ಮುಟ್ಟಿದರೆ ಮುನ್ನುಗ್ಗುವ ಶಕ್ತಿ ಮರಳಿ ಬರುತ್ತದೆ. ಬೆಟ್ಟದ ದಾರಿಯನ್ನು ಸಣ್ಣ ಸಣ್ಣ ಕೋಣೆಗಳಂತೆ ವಿಂಗಡಿಸಿದೆ. ತಪ್ಪಿ ಮುಳ್ಳಿನ ಮೇಲೆ ಬಿದ್ದರೆ, ರೆಪ್ಪೆ ಮಿಟುಕಿಸುವಷ್ಟರಲ್ಲಿ ಅದೇ ಕೋಣೆಯ ಆರಂಭದಲ್ಲಿ ಮತ್ತೆ ನಿಂತಿರುತ್ತೇವೆ. ಅದುವರೆಗೆ ಹತ್ತಿದ್ದು ವ್ಯರ್ಥವಾಗುವುದಿಲ್ಲ. ಎಷ್ಟು ಸಲ ಬಿದ್ದೆವೆಂಬುದನ್ನು ಆಟವು ಎಣಿಸಿಡುತ್ತದೆ. ಆದರೆ ಅದಕ್ಕಾಗಿ ಏನನ್ನೂ ಕಸಿದುಕೊಳ್ಳುವುದಿಲ್ಲ. ತೀರಾ ಕಷ್ಟವೆನಿಸಿದವರಿಗೆ ಆಟದ ವೇಗವನ್ನು ತಗ್ಗಿಸಿಕೊಳ್ಳುವ ಅನುಕೂಲವೂ ಉಂಟು.

ಒಂದು ಕೋಣೆಯಲ್ಲಿ ಹುಡುಗಿ 23 ಸಲ ಬಿದ್ದಳು, ನಾವು ಎಣಿಸಿದೆವು. ಪ್ರತಿಸಲವೂ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು: "ಬೇಗ ನೆಗೆದುಬಿಟ್ಟೆ", "ಈಗ ತಡವಾಯಿತು", "ಮೊದಲು ಗೋಡೆ ಹಿಡಿಯಬೇಕು". 24ನೆಯ ಸಲ ದಾಟಿದಳು. ದಾಟಿ, ಮುಂದಿನ ಕೋಣೆಯನ್ನು ನೋಡತೊಡಗಿದಳು.

ಆಗ ನಮಗೆ ತಿಳಿದುದೇನೆಂದರೆ, ಅಲ್ಲಿ ಬೀಳುವಿಕೆಯು ಅವಳಿಗೆ ತೀರ್ಪಾಗಿರಲಿಲ್ಲ, ಸಮಾಚಾರವಾಗಿತ್ತು. ಎಲ್ಲಿ ತಪ್ಪಿತೆಂಬುದು ಆ ಕ್ಷಣವೇ ತಿಳಿಯುತ್ತಿತ್ತು; ತಿದ್ದಿಕೊಳ್ಳಲು ಅವಕಾಶವೂ ಆ ಕ್ಷಣವೇ ದೊರೆಯುತ್ತಿತ್ತು. ನಮ್ಮ ಬೀಜಗಣಿತದ ತರಗತಿಯಲ್ಲಾದರೋ ತಪ್ಪಿನ ಸಮಾಚಾರವು ಹದಿನೈದು ದಿನಗಳ ಮೇಲೆ ಕೆಂಪು ಮಸಿಯಲ್ಲಿ ಬರುತ್ತಿತ್ತು. ಬಂದಾಗ ಅಂಕವು ಆಗಲೇ ಕಳೆದುಹೋಗಿರುತ್ತಿತ್ತು. ನಡೆಯುವವರು ಎಡವುವರಲ್ಲದೆ ಕುಳಿತವರು ಎಡವುವರೇ ಎಂಬ ಗಾದೆಯನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇವೆ. ಆದರೆ ಎಡವಿದವರಿಗೆ ದಂಡ ಹಾಕುತ್ತ ಬಂದ ನಾವೇ ಆ ಹುಡುಗಿಗೆ ಕುಳಿತಿರುವುದನ್ನು ಕಲಿಸಿದ್ದೆವು. ಬರಿಯ ಕಾಗದವು ಅವಳ ಸೋಮಾರಿತನದ ಗುರುತಾಗಿರಲಿಲ್ಲ. ನಮ್ಮ ಪಾಠದ ಫಲವಾಗಿತ್ತು.

ಒಳ್ಳೆಯ ಆಟಗಳಲ್ಲಿ ಕಾಣುವ ಇನ್ನೊಂದು ಗುಣವೆಂದರೆ ಕಷ್ಟವನ್ನು ಕ್ರಮವಾಗಿ ಏರಿಸುವುದು. ಜಪಾನಿನ ನಿಂಟೆಂಡೋ ಸಂಸ್ಥೆಯವರು 1985ರಲ್ಲಿ ಹೊರತಂದ 'ಸೂಪರ್ ಮಾರಿಯೋ ಬ್ರದರ್ಸ್' ಎಂಬ ಆಟದ ಮೊದಲನೆಯ ಹಂತದ ಕೊನೆಯಲ್ಲಿ ಎದುರುಬದುರಾಗಿ ಎರಡು ಮೆಟ್ಟಿಲುಸಾಲುಗಳಿವೆ. ನಡುವೆ ಗಟ್ಟಿ ನೆಲ. ನೆಗೆತ ತಪ್ಪಿದರೂ ಅಪಾಯವಿಲ್ಲ. ಅದನ್ನು ದಾಟಿದ ಮೇಲೆ ಅಂಥವೇ ಎರಡು ಸಾಲುಗಳು ಮತ್ತೆ ಎದುರಾಗುತ್ತವೆ. ಈ ಸಲ ನಡುವೆ ಹೊಂಡ. ಒಂದು ಮಾತನ್ನೂ ಆಡದೆ, ಮೊದಲು ಅಭ್ಯಾಸ, ಆಮೇಲೆ ಪರೀಕ್ಷೆ ಎಂಬ ನಿಯಮವನ್ನು ಇಲ್ಲಿ ಪಾಲಿಸಿದ್ದಾರೆ. 2007ರಲ್ಲಿ ವಾಲ್ವ್ ಎಂಬ ಅಮೆರಿಕದ ಸಂಸ್ಥೆಯವರು ಪ್ರಕಟಿಸಿದ 'ಪೋರ್ಟಲ್' ಆಟದಲ್ಲಿ ಒಂದು ದ್ವಾರವನ್ನು ಹೊಕ್ಕರೆ ಬೇರೆಡೆಯಲ್ಲಿರುವ ಇನ್ನೊಂದು ದ್ವಾರದಿಂದ ಹೊರಬರುತ್ತೇವೆ. ಮೊದಮೊದಲು ಒಂದು ದ್ವಾರವನ್ನು ಮಾತ್ರ ನಾವು ತೆರೆಯಬಹುದು. ಅದು ರೂಢಿಯಾದ ಮೇಲೆ ಎರಡನ್ನೂ. ಎತ್ತರದಿಂದ ನೆಲದ ದ್ವಾರದೊಳಗೆ ಬಿದ್ದವರು ಅದೇ ವೇಗದಿಂದ ಗೋಡೆಯ ದ್ವಾರದ ಮೂಲಕ ಮುಂದಕ್ಕೆ ಎಸೆಯಲ್ಪಡುತ್ತಾರೆ. ಇದನ್ನು ಕಂಡುಕೊಂಡ ಮಗು, ಕೈಯಲ್ಲಿದ್ದ ಹಳೆಯ ನಿಯಮಗಳನ್ನು ಕೂಡಿಸಿ ಹೊಸ ದಾರಿಯನ್ನು ಹುಡುಕಲು ಕಲಿಯುತ್ತದೆ. ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಬೋಧಿಸಿದ್ದು ಇದನ್ನೇ ಅಲ್ಲವೇ?

ಇಷ್ಟನ್ನು ಓದಿದವರು, ಹಾಗಾದರೆ ಆಟ ಆಡಿದ ಮಕ್ಕಳೆಲ್ಲರೂ ಬುದ್ಧಿವಂತರಾಗುವರೇ ಎಂದು ಕೇಳಬಹುದು. ಹಾಗೆ ಹೇಳಲಾಗದು. ವ್ಯಾಲೆರಿ ಸಿಮ್ಸ್ ಮತ್ತು ರಿಚರ್ಡ್ ಮೇಯರ್ ಎಂಬ ವಿದ್ವಾಂಸರು 'ಟೆಟ್ರಿಸ್' ಆಟದಲ್ಲಿ ನಿಪುಣರಾದವರನ್ನು ಪರೀಕ್ಷಿಸಿ 2002ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆಟದಲ್ಲಿ ಬರುವಂಥ ಆಕಾರಗಳನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡುವುದರಲ್ಲಿ ಅವರು ಇತರರಿಗಿಂತ ಮುಂದಿದ್ದರು. ಆದರೆ ಅದರಾಚೆಗಿನ ಪರೀಕ್ಷೆಗಳಲ್ಲಿ ಅಂಥ ಮೇಲುಗೈ ಕಾಣಲಿಲ್ಲ. ಆಟದಲ್ಲಿ ಕಲಿತದ್ದು ತಾನಾಗಿಯೇ ಪುಸ್ತಕಕ್ಕೆ ಹಾರಿಹೋಗುವುದಿಲ್ಲ. ನಮ್ಮ ಹುಡುಗಿಯೇ ಇದಕ್ಕೆ ಸಾಕ್ಷಿ: ಬೆಟ್ಟದಲ್ಲಿದ್ದ ಧೈರ್ಯವು ಬೀಜಗಣಿತಕ್ಕೆ ಬಂದಿರಲಿಲ್ಲ. ಎರಡರ ನಡುವೆ ಸೇತುವೆ ಕಟ್ಟುವುದು ಹಿರಿಯರ ಕೆಲಸ.

ಎಲ್ಲ ಆಟಗಳೂ ಒಂದೇ ತೆರನಾದವುಗಳೂ ಅಲ್ಲ. ಕಷ್ಟ ಬಂದೊಡನೆ ಹಣ ಕೊಟ್ಟರೆ ದಾಟಿಸಿಬಿಡುವ ಆಟದಿಂದ ಮಗು ಕಲಿಯುವುದು ಹಣದ ಬಲವನ್ನು ಮಾತ್ರ. ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಇನ್ನು ಆಟದ ಮೇಲಿನ ಹಿಡಿತ ತಪ್ಪಿ, ಇತರ ಕೆಲಸಗಳೆಲ್ಲ ಹಿಂದೆ ಬಿದ್ದು, ಕೇಡಾಗುತ್ತಿದ್ದರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಯು 2022ರಿಂದ ಜಾರಿಯಲ್ಲಿದೆ. ಆದಕಾರಣ ಹೊತ್ತಿಗೆ ಮಿತಿ ಇರಲೇಬೇಕು. ನಿದ್ರೆಯನ್ನೂ ಬಯಲಿನ ಓಟವನ್ನೂ ಯಾವ ಆಟಕ್ಕೂ ಬಿಟ್ಟುಕೊಡತಕ್ಕದ್ದಲ್ಲ.

ಆ ಶನಿವಾರದ ತರುವಾಯ ನಮ್ಮ ಗಣಿತದ ತರಗತಿಗಳಲ್ಲಿ ಒಂದು ಸಣ್ಣ ಮಾರ್ಪಾಟು ಮಾಡಿದೆವು. ವಾರಕ್ಕೊಮ್ಮೆ ಅಂಕವಿಲ್ಲದ ಕಾಗದವನ್ನು ಕೊಡುತ್ತೇವೆ. ಅದೇ ತಾಸಿನಲ್ಲಿ ನೋಡಿ, ತಪ್ಪಿದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಹಿಂದಿರುಗಿಸುತ್ತೇವೆ. ಹುಡುಗಿಯರು ಅಲ್ಲಿಂದಲೇ ಮತ್ತೆ ಬಿಡಿಸಬೇಕು, ಮೊದಲಿನಿಂದಲ್ಲ. ಆ ಹುಡುಗಿಗೆ ನಾವು ಹೇಳಿದ್ದು ಇಷ್ಟೇ: "ಇದು ಒಂದು ಕೋಣೆ. ಎಲ್ಲಿ ಬಿದ್ದೆ, ಹೇಳು." ಮೊದಲ ವಾರ ಆಕೆ ಎರಡು ಸಾಲು ಬರೆದಳು, ಎರಡೂ ತಪ್ಪು. ಆ ಎರಡು ತಪ್ಪು ಸಾಲುಗಳನ್ನು ಕಂಡು ನಮಗಾದ ಸಂತೋಷವು ಎಷ್ಟೋ ಪೂರ್ಣಾಂಕಗಳನ್ನು ಕಂಡಾಗ ಆದದ್ದಿಲ್ಲ. ವರ್ಷದ ಕೊನೆಗೆ ಆಕೆ ತರಗತಿಗೆ ಮೊದಲಿಗಳಾಗಲಿಲ್ಲ. ಆದರೆ ಬರಿಯ ಕಾಗದವನ್ನು ಮತ್ತೆ ಒಪ್ಪಿಸಲಿಲ್ಲ.

ತಾಯಿತಂದೆಗಳಿಗೆ ನಮ್ಮ ವಿಜ್ಞಾಪನೆ ಇದು. ನಮ್ಮ ಕರಾವಳಿಯ ಮನೆಗಳಲ್ಲಿ ಆಟಿಯ ಮಳೆಗಾಲದಲ್ಲಿ ಚೆನ್ನೆಮಣೆಯನ್ನು ಹಾಸಿ, ಹದಿನಾಲ್ಕು ಗುಳಿಗಳ ಆಚೆಗೆ ಅಜ್ಜಿಯೋ ಅತ್ತೆಯೋ ಕುಳಿತು, ಸೋತ ಮಗುವಿಗೆ "ಯಾವ ಗುಳಿಯಿಂದ ಎತ್ತಬೇಕಾಗಿತ್ತು, ನೋಡು" ಎಂದು ಹೇಳಿಕೊಡುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಂಪ್ಯೂಟರಿನ ಮುಂದೆ ಕುಳಿತ ಮಗುವಿಗೆ ಇಲ್ಲದಿರುವುದು ಆ ಪಕ್ಕದ ಜೀವವೊಂದೇ. ವಾರದಲ್ಲಿ ಅರ್ಧ ತಾಸು ಅದರ ಬಳಿ ಕುಳಿತುಕೊಳ್ಳಿರಿ. ಎಲ್ಲಿ ಬಿದ್ದೆ, ಏಕೆ ಬಿದ್ದೆ, ಇನ್ನೊಮ್ಮೆ ಹೇಗೆ ಮಾಡುವೆ ಎಂದು ಕೇಳಿರಿ. ಅದೇ ಮೂರು ಪ್ರಶ್ನೆಗಳನ್ನು, ಅದೇ ಶಾಂತವಾದ ದನಿಯಲ್ಲಿ, ಲೆಕ್ಕದ ಪುಸ್ತಕದ ಬಳಿಯಲ್ಲಿಯೂ ಕೇಳಿರಿ.