ಕೈಯ ಮೊಬೈಲಿಗೂ ಗಲ್ಲಾದ ಕಂಪ್ಯೂಟರಿಗೂ ನಂಟು



ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವ ನಮ್ಮ ಚಾಂದವಡದಲ್ಲಿ ಬಸ್ಸಿನವರ, ಮದುವೆ ಮನೆಯವರ ಆರ್ಡರ್ ಈಗ ಹೆಚ್ಚಾಗಿ ವಾಟ್ಸ್‌ಆಪ್‌ನಲ್ಲೇ ಬರುತ್ತದೆ. ನವರಾತ್ರಿಯಲ್ಲಿ ರೇಣುಕಾ ದೇವಿಯ ದರ್ಶನಕ್ಕೆ ಜನ ಬರುವಾಗಲಂತೂ ಕೇಳುವುದೇ ಬೇಡ. ಆದರೆ ಬಿಲ್ ಮಾಡುವುದು ಕಂಪ್ಯೂಟರಿನಲ್ಲಿ. ಮೊಬೈಲ್ ನೋಡಿಕೊಂಡು ಟೈಪ್ ಮಾಡುವ ಗಡಿಬಿಡಿಯಲ್ಲಿ 40 ಪ್ಲೇಟ್ ಹೋಗಿ 14 ಆದರೆ ಮರ್ಯಾದೆ ಹೋಯಿತು. ಗಿರಾಕಿಯ ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕೆಗಳಿರುತ್ತವೆ. ಮಹಾರಾಷ್ಟ್ರದ್ದು 27ರಿಂದ, ಕರ್ನಾಟಕದ್ದು 29ರಿಂದ ಶುರು. ಅದರಲ್ಲಿ ಒಂದು ತಪ್ಪಿದರೂ ಬಿಲ್ ವಾಪಸ್, ಹಣ ಬರುವುದು ತಡ.

ನಾವು ಕಾಪಿ ಮಾಡಿದ್ದು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಜಾಗದಲ್ಲಿ ಇರುತ್ತದೆ. ಮೊಬೈಲಿನದ್ದು ಬೇರೆ, ಕಂಪ್ಯೂಟರಿನದ್ದು ಬೇರೆ. ಎರಡು ಅಡುಗೆಮನೆಯ ಎರಡು ಕಟ್ಟೆ ಇದ್ದ ಹಾಗೆ. ನಡುವೆ ಬಾಗಿಲು ತೆಗೆಯಲು ಮೂರು ದಾರಿಗಳಿವೆ.

1. ವಾಟ್ಸ್‌ಆಪ್ ವೆಬ್: ಇದು 2015ರಲ್ಲಿ ಬಂತು. ಕಂಪ್ಯೂಟರಿನಲ್ಲಿ ಇದನ್ನು ತೆರೆದರೆ ಒಂದು ಕ್ಯೂಆರ್ ಕೋಡ್ ಕಾಣುತ್ತದೆ. ಮೊಬೈಲಿನ ವಾಟ್ಸ್‌ಆಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಅದನ್ನು ಸ್ಕ್ಯಾನ್ ಮಾಡಿ. ಆರ್ಡರ್ ಅಲ್ಲೇ ಕಾಣುತ್ತದೆ. ಬೇಕಾದ್ದನ್ನು ಕಾಪಿ ಮಾಡಿ ಬಿಲ್ಲಿಗೆ ಹಾಕಿದರಾಯಿತು. ಹೀಗೆ 4 ಉಪಕರಣಗಳನ್ನು ಜೋಡಿಸಬಹುದು. 14 ದಿನ ಮೊಬೈಲಿನಲ್ಲಿ ವಾಟ್ಸ್‌ಆಪ್ ತೆರೆಯದಿದ್ದರೆ ಜೋಡಣೆ ತಾನೇ ಕಡಿಯುತ್ತದೆ.

2. ಗೂಗಲ್ ಕೀಪ್: ಮೊಬೈಲ್, ಕಂಪ್ಯೂಟರ್ ಎರಡರಲ್ಲೂ ಒಂದೇ ಗೂಗಲ್ ಖಾತೆ ಇರಲಿ. ನಾಳೆಯ ಕೆಲಸದ ಪಟ್ಟಿ, ಅಂದರೆ ಅಕ್ಕಿ ನೆನೆಹಾಕುವುದು, ಈರುಳ್ಳಿ ತರಿಸುವುದು, ಗ್ಯಾಸ್ ಬುಕ್ ಮಾಡುವುದು, ಇದನ್ನು ಗಲ್ಲಾದಲ್ಲಿ ಬರೆದರೆ ಮಾರ್ಕೆಟಿನಲ್ಲಿ ಮೊಬೈಲಿನಲ್ಲಿ ಕಾಣುತ್ತದೆ. ಭಟ್ಟರ ಗೂಗಲ್ ಖಾತೆಯನ್ನೂ ಆ ಪಟ್ಟಿಗೆ ಸೇರಿಸಬಹುದು. ಅವರು ಟಿಕ್ ಹಾಕಿದ್ದು ನಿಮಗೂ ತಿಳಿಯುತ್ತದೆ.

3. ನೇರ ಕಾಪಿ: ಐಫೋನ್, ಮ್ಯಾಕ್ ಎರಡೂ ಇದ್ದವರಿಗೆ 2016ರಿಂದ ಈ ಅನುಕೂಲ ಇದೆ. ಎರಡರಲ್ಲೂ ಒಂದೇ ಆಪಲ್ ಖಾತೆ ಇದ್ದು, ವೈಫೈ, ಬ್ಲೂಟೂತ್ ಆನ್ ಆಗಿರಬೇಕು, ಹತ್ತಿರ ಇರಬೇಕು. ವಿಂಡೋಸ್‌ನವರಿಗೆ ‘ಫೋನ್ ಲಿಂಕ್’ ಇದೆ. ಆದರೆ ಅದರಲ್ಲಿ ನೇರ ಕಾಪಿ ಮಾಡುವುದು ಸ್ಯಾಮ್‌ಸಂಗ್ ಮುಂತಾದ ಕೆಲವು ಮಾಡೆಲ್‌ಗಳಿಗೆ ಮಾತ್ರ. ಇದಕ್ಕಾಗಿ ಹೊಸ ಫೋನ್ ಕೊಳ್ಳುವ ಅಗತ್ಯವಿಲ್ಲ, ಮೊದಲ ಎರಡು ದಾರಿ ಧಾರಾಳ ಸಾಕು.

ಒಂದು ಎಚ್ಚರಿಕೆ. ಬಾಗಿಲು ತೆರೆದರೆ ಬೆಕ್ಕೂ ಒಳಗೆ ಬರುತ್ತದೆ. ಗಲ್ಲಾದ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆಪ್ ತೆರೆದಿದ್ದರೆ ಮನೆಯ ಮಾತು, ವ್ಯವಹಾರದ ಮಾತು ಎಲ್ಲವೂ ಅಲ್ಲಿ ಕೂತವರಿಗೆ ಕಾಣುತ್ತದೆ. ಹೋಟೆಲಿಗೇ ಬೇರೆ ನಂಬರ್ ಇಟ್ಟುಕೊಳ್ಳುವುದು ಲೇಸು. ಒಟಿಪಿ, ಬ್ಯಾಂಕಿನ ಪಾಸ್‌ವರ್ಡ್ ಕಾಪಿ ಮಾಡಬೇಡಿ. ಫೋನಿನಲ್ಲಿ ಯಾರೋ ಹೇಳಿದರೆಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ; ಹಾಗೆ ಮಾಡಿದರೆ ನಿಮ್ಮ ವಾಟ್ಸ್‌ಆಪ್ ಅವರ ಕಂಪ್ಯೂಟರಿಗೆ ಜೋಡಣೆಯಾಗಬಹುದು. ಗಲ್ಲಾದ ಹುಡುಗ ಕೆಲಸ ಬಿಟ್ಟ ದಿನವೇ ‘ಲಿಂಕ್ಡ್ ಡಿವೈಸಸ್’ ನೋಡಿ, ಗುರುತಿಲ್ಲದ್ದನ್ನು ಲಾಗ್ ಔಟ್ ಮಾಡಿ. ಬೀಗದ ಕೈ ವಾಪಸ್ ಪಡೆದಷ್ಟೇ ಇದೂ ಮುಖ್ಯ.