ಸಾವಿನ ಹಾಸಿಗೆಯ ಬಳಿ ನಿಲ್ಲುವವರು

ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ವೈದ್ಯರು ಬಂದು ಹೋಗುತ್ತಾರೆ. ಬಂಧುಗಳು ನಿಗದಿತ ವೇಳೆಯಲ್ಲಿ ಒಳಗೆ ಬಂದು ಕಣ್ಣೊರೆಸಿಕೊಂಡು ಹೊರಡುತ್ತಾರೆ. ಹಗಲಿರುಳೆನ್ನದೆ ಹಾಸಿಗೆಯ ಬಳಿ ಉಳಿಯುವವರು ದಾದಿಯರು. ಉಸಿರಾಟದ ನಳಿಕೆಯಲ್ಲಿ ಕಟ್ಟಿದ ಕಫವನ್ನು ಹೀರಿ ತೆಗೆಯುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಸೂಜಿ ಚುಚ್ಚುವುದು, ಮಲಮೂತ್ರ ತೆಗೆದು ಶುಚಿಗೊಳಿಸುವುದು ಎಲ್ಲವೂ ಅವರ ಕೈಯಿಂದಲೇ ಆಗಬೇಕು. ರೋಗಿ ಗುಣವಾಗುವ ಆಸೆಯಿರುವವರೆಗೆ ಈ ಕೆಲಸಗಳು ಉಂಟುಮಾಡುವ ನೋವಿಗೆ ಒಂದು ಅರ್ಥವಿರುತ್ತದೆ. ಆ ಆಸೆ ಮುಗಿದ ಮೇಲೂ ಅದೇ ನಳಿಕೆ, ಅದೇ ಸೂಜಿ ಮುಂದುವರಿದಾಗ ದಾದಿಯ ಅಂತರಂಗದಲ್ಲಿ ಒಂದು ಪ್ರಶ್ನೆ ಏಳುತ್ತದೆ: ನಾನು ಈ ಜೀವಕ್ಕೆ ಮಾಡುತ್ತಿರುವುದು ಸೇವೆಯೋ, ಹಿಂಸೆಯೋ?

ಅಮೆರಿಕದ ಚಿಂತಕ ಆಂಡ್ರ್ಯೂ ಜೇಮ್‌ಟನ್ 1984ರಲ್ಲಿ ದಾದಿಯರ ವೃತ್ತಿನೀತಿಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ಸ್ಥಿತಿಗೆ ‘ನೈತಿಕ ಸಂಕಟ’ ಎಂಬ ಹೆಸರಿಟ್ಟರು. ಸರಿಯಾದುದು ಯಾವುದೆಂದು ತಿಳಿದಿದ್ದರೂ ವ್ಯವಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದಿರುವುದೇ ಅದರ ಲಕ್ಷಣ. ಇದು ಬರಿಯ ದಣಿವಲ್ಲ. ಒಂದು ದಿನದ ರಜೆಯಿಂದ ತೀರುವಂಥದ್ದೂ ಅಲ್ಲ.

ಈ ಪ್ರಶ್ನೆಯನ್ನು ಜೈನಾಚಾರ್ಯರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಹೊರಗಿನ ಕ್ರಿಯೆಯಿಂದಷ್ಟೇ ಅಳೆಯುವುದಿಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಪ್ರಾಣಕ್ಕೆ ಘಾತವಾದರೆ ಅದು ಹಿಂಸೆ. ತಾನು ಮಾಡುವುದು ಕೃತ, ಮಾಡಿಸುವುದು ಕಾರಿತ, ಒಪ್ಪಿಗೆ ಕೊಡುವುದು ಅನುಮತ. ಇವುಗಳನ್ನು ಮೂರು ಯೋಗ, ನಾಲ್ಕು ಕಷಾಯ ಹಾಗೂ ಕ್ರಿಯೆಯ ಮೂರು ಹಂತಗಳೊಂದಿಗೆ ಗುಣಿಸಿದರೆ 108 ಭೇದಗಳಾಗುತ್ತವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವೈದ್ಯನ ದೃಷ್ಟಾಂತ ಕೊಡುತ್ತಾರೆ. ಪರಮ ಕರುಣೆಯುಳ್ಳ ವೈದ್ಯನು ಮುನಿಯ ಮೈಮೇಲಿನ ಕುರುವನ್ನು ಕೊಯ್ದಾಗ ನೋವಾಗುವುದು ನಿಜ. ಆದರೆ ಹೊರಗಿನ ಆ ನಿಮಿತ್ತ ಮಾತ್ರದಿಂದ ವೈದ್ಯನಿಗೆ ಪಾಪಬಂಧವಾಗದು.

ಕ್ರೋಧವಾಗಲಿ ಲೋಭವಾಗಲಿ ಇಲ್ಲದೆ, ಎಚ್ಚರ ತಪ್ಪದೆ ಕರ್ತವ್ಯ ಮಾಡುವ ದಾದಿಗೆ ಈ ದೃಷ್ಟಾಂತ ದೊಡ್ಡ ಸಮಾಧಾನ. ಆದರೂ ಅದರಿಂದ ಆಕೆಯ ಸಂಕಟ ಪೂರ್ತಿ ತೀರುವುದಿಲ್ಲ. ಕುರು ಕೊಯ್ದ ವೈದ್ಯನಿಗೆ ಮುನಿಯು ಗುಣವಾಗುವನೆಂಬ ಭರವಸೆಯಿತ್ತು. ಈಕೆಗೆ ಅದೂ ಇಲ್ಲ. ಕೃತ ಮಾತ್ರ ಆಕೆಯದು. ಕಾರಿತ, ಅನುಮತಗಳು ಬೇರೆಯವರವು. ‘ಏನಾದರೂ ಮಾಡಿ ಉಳಿಸಿಕೊಡಿ’ ಎಂದು ಬಂಧುಗಳು ಬೇಡುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಯೊಳಗೆ ಬಿಟ್ಟುಕೊಡಲಾಗದ ರಾಗವೂ ಬೆರೆತಿರುತ್ತದೆ. ಅದರ ಭಾರ ಬೀಳುವುದು ನಿರ್ಧಾರದಲ್ಲಿ ಪಾಲಿಲ್ಲದ ಕೈಗಳ ಮೇಲೆ.

ಸಾಯುವವರ ಸೇವೆಯನ್ನು ಕುರಿತು ಶಿವಾರ್ಯರ ಭಗವತೀ ಆರಾಧನೆಯಷ್ಟು ವಿವರವಾಗಿ ಹೇಳುವ ಪ್ರಾಚೀನ ಗ್ರಂಥಗಳು ವಿರಳ. ಕನ್ನಡದ ವಡ್ಡಾರಾಧನೆಯ 19 ಕಥೆಗಳಿಗೆ ಮೂಲ ಸಂಬಂಧವಿರುವುದು ಈ ಗ್ರಂಥದೊಡನೆಯೇ. ಸಮಾಧಿಮರಣವನ್ನು ಸಾಧಿಸುವ ಕ್ಷಪಕನಿಗೆ 48 ಮಂದಿ ನಿರ್ಯಾಪಕರು ನೆರವಾಗಬೇಕೆಂದು ಅದು ವಿಧಿಸುತ್ತದೆ. ಎಬ್ಬಿಸಿ ಕೂರಿಸಿ ಮಗ್ಗುಲು ಬದಲಿಸುವವರು ನಾಲ್ವರು, ಧರ್ಮಕಥೆ ಹೇಳುವವರು ನಾಲ್ವರು, ಮಲಮೂತ್ರ ತೆಗೆಯುವವರು ನಾಲ್ವರು, ಬಾಗಿಲು ಕಾಯುವವರು ನಾಲ್ವರು, ರಾತ್ರಿ ಎಚ್ಚರವಿರುವವರು ನಾಲ್ವರು. ಹೀಗೆ ಕೆಲಸಗಳು ಹಂಚಿಹೋಗಿವೆ. ಕಾಲದೇಶಗಳಿಗೆ ತಕ್ಕಂತೆ ಈ ಸಂಖ್ಯೆ ಇಳಿಯಬಹುದು. ಆದರೆ ಎರಡಕ್ಕಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಆತ ತನ್ನನ್ನು ಕೈಬಿಡಬೇಕಾಗುತ್ತದೆ, ಇಲ್ಲವೇ ಕ್ಷಪಕನನ್ನು ಕೈಬಿಡಬೇಕಾಗುತ್ತದೆ ಎಂಬುದು ಇದಕ್ಕೆ ಕೊಡುವ ಕಾರಣ. ಸೇವೆ ಪಡೆಯುವವನ ಹಿತದ ಜೊತೆಗೆ ಸೇವೆ ಮಾಡುವವನ ಹಿತವನ್ನೂ ಆಚಾರ್ಯರು ಕಾಪಾಡಿದ್ದಾರೆ. ಇರುಳಿಡೀ ಹಲವು ಹಾಸಿಗೆಗಳ ನಡುವೆ ಒಬ್ಬಳೇ ಓಡಾಡುವ ದಾದಿಯನ್ನು ನೆನೆದರೆ ಈ ಮಾತಿನ ಬೆಲೆ ತಿಳಿದೀತು.

ಆದರೆ ತೀವ್ರ ನಿಗಾ ಘಟಕದ ಮರಣವನ್ನು ಸಲ್ಲೇಖನವೆಂದು ಕರೆಯಲಾಗದು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪರಿಹಾರವಿಲ್ಲದಂತೆ ಬಂದೊದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದೇ ಸಲ್ಲೇಖನವೆಂದು ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಅದು ಎಚ್ಚರದ ಮನಸ್ಸು ತಾನೇ ಕೈಗೊಳ್ಳುವ ವ್ರತ. ಪ್ರಜ್ಞೆಯಿಲ್ಲದವರ ಪರವಾಗಿ ಇನ್ನೊಬ್ಬರು ಅದನ್ನು ಹಿಡಿಯಲಾಗದು. ಆದರೂ ಪರಿಹಾರವಿಲ್ಲದ ಕಾಲವೊಂದು ಬರುತ್ತದೆಂದು ಒಪ್ಪಿಕೊಳ್ಳುವ ವಿವೇಕವನ್ನು ಗೃಹಸ್ಥರೆಲ್ಲರೂ ಅದರಿಂದ ಕಲಿಯಬಹುದು.

ನಮ್ಮ ಕಾನೂನೂ ಈ ವಿವೇಕಕ್ಕೆ ಇಂದು ಎಡೆಗೊಟ್ಟಿದೆ. ಘನತೆಯಿಂದ ಸಾಯುವುದು ಬದುಕಿನ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ತೀರ್ಪಿತ್ತಿತು. ಗುಣವಾಗುವ ಆಸೆಯಿಲ್ಲದಾಗ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಆರೋಗ್ಯವಿರುವಾಗಲೇ ಬರೆದಿಡುವ ಕ್ರಮವನ್ನು 2023ರಲ್ಲಿ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿದೆ. ಅಂತ್ಯಕಾಲದ ಮಾತನ್ನು ಮನೆಯಲ್ಲಿ ಆಡುವುದು ಅಮಂಗಳವಲ್ಲ. ಅನಿತ್ಯ ಭಾವನೆಯನ್ನು ದಿನವೂ ಚಿಂತಿಸಬೇಕೆನ್ನುವ ಧರ್ಮಕ್ಕೆ ಅದು ಸಹಜವೇ ಆಗಿದೆ. ಹಿರಿಯರು ತಮ್ಮ ಇಚ್ಛೆಯನ್ನು ತಿಳಿಸಿದ್ದರೆ ಮಕ್ಕಳ ದ್ವಂದ್ವ ತಗ್ಗುತ್ತದೆ, ದಾದಿಯ ಕೈಗಳೂ ಹಗುರಾಗುತ್ತವೆ.

ಇನ್ನು ದಾದಿಯರ ಒಳಗಿನ ನೋವಿನ ಮಾತು. ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲನ್ನು ಆಗಮವು ‘ಆಲೋಚನೆ’ ಎನ್ನುತ್ತದೆ. ಇಲ್ಲಿ ಅದರ ಅರ್ಥ ಯೋಚಿಸುವುದೆಂದಲ್ಲ. ಮನದಲ್ಲಿರುವುದನ್ನು ಕಪಟವಿಲ್ಲದೆ ಗುರುವಿನ ಮುಂದೆ ತೆರೆದಿಡುವುದು. ಹೇಳದೆ ಉಳಿದುದು ಶಲ್ಯ, ಒಳಗೇ ಮುರಿದ ಮುಳ್ಳು. ದಾದಿಯಲ್ಲಿ ದೋಷವಿಲ್ಲದಿದ್ದರೂ ಮುಳ್ಳು ನೋಯಿಸದಿರುವುದಿಲ್ಲ. ಸಾವೊಂದು ಸಂಭವಿಸಿದ ಮೇಲೆ ಹಿರಿಯ ವೈದ್ಯರೂ ದಾದಿಯರೂ ಕೂಡಿ ಕುಳಿತು ಮಾತನಾಡುವ ಪರಿಪಾಠವು ಆಸ್ಪತ್ರೆಗಳಲ್ಲಿ ಬೆಳೆದರೆ ಆ ಮುಳ್ಳು ಹೊರಬಂದೀತು. ಹೇಳಲು ಎಡೆಯಿಲ್ಲದಿದ್ದರೆ ಕರುಣೆಯಿಂದ ಹುಟ್ಟಿದ ನೋವೇ ಆರ್ತಧ್ಯಾನವಾಗಿ ಬೆಳೆಯುತ್ತದೆ. ಇಲ್ಲವೇ ಮನಸ್ಸು ಕಲ್ಲಾಗುತ್ತದೆ.

ರೋಗಿಯ ವೇಷದಲ್ಲಿ ಬಂದ ದೇವನು ಮೈಮೇಲೆ ವಾಂತಿ ಮಾಡಿದರೂ ಹೇಸದೆ ಸೇವೆಗೈದ ಉದ್ದಾಯನ ರಾಜನು ನಿರ್ವಿಚಿಕಿತ್ಸಾ ಅಂಗಕ್ಕೆ ಆದರ್ಶನಾದನು. ಅಂಥ ಸೇವೆಯನ್ನು ಇಂದು ಪ್ರತಿದಿನವೂ ಮಾಡುತ್ತಿರುವವರು ದಾದಿಯರು. ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದು. ಮುಂದೆ ನಮ್ಮವರೊಬ್ಬರು ಆ ಘಟಕದಲ್ಲಿ ಮಲಗಿರುವಾಗ ವೈದ್ಯರೊಡನೆ ಮಾತು ಮುಗಿಸಿ ಹೊರಡುವ ಮುನ್ನ ದಾದಿಯನ್ನೂ ಒಂದು ಮಾತು ಕೇಳೋಣ: ‘ಇಡೀ ರಾತ್ರಿ ಇವರ ಬಳಿ ಇದ್ದವರು ನೀವು, ಇವರಿಗೆ ಹೇಗಿತ್ತು? ನಿಮಗೆ ಏನನ್ನಿಸುತ್ತದೆ?’ ಆ ಉತ್ತರವನ್ನು ನಿಂತು ಕೇಳಿಸಿಕೊಳ್ಳುವುದು ಶ್ರಾವಕನು ಮಾಡಬಹುದಾದ ವೈಯಾವೃತ್ಯವೇ ಸರಿ.