ನಗೆಗೀಡಾದ ಒಲವು

ಯಕ್ಷಗಾನದ ಸ್ತ್ರೀವೇಷಧಾರಿ ಗಂಡಸರನ್ನು ಮನ್ಮನೆಯ ಸೀಮೆಯ ಜನರು ಕಲಾವಿದರೆಂದೇ ಗೌರವಿಸುತ್ತ ಬಂದಿರುವರು. ಆದರೆ ಟೀವಿಯ ಹಾಸ್ಯಪ್ರಸಂಗಗಳಲ್ಲಿ ಗಂಡಸು ತುಸು ಬಳುಕಿದರೆ ಸಾಕು, ಸಲಿಂಗಪ್ರೇಮಿಯೆಂದು ನಗೆಯೇಳುವುದು. ನಡಿಗೆಗೂ ಒಲವಿಗೂ ಏನು ಸಂಬಂಧವೆಂದು ನಾವು ಕೇಳುತ್ತೇವೆ. 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು ಇಂಥವನನ್ನು ನೋವುನಲಿವುಳ್ಳ ಮನುಷ್ಯನೆಂದೇ ಕನ್ನಡಿಗರ ಮುಂದೆ ನಿಲ್ಲಿಸಿತು. 2020ರಲ್ಲಿ ಹೊರಬಂದ ‘ದ ಲಾಸ್ಟ್ ಆಫ್ ಅಸ್’ ವಿಡಿಯೋ ಆಟದ ಎರಡನೆಯ ಭಾಗದಲ್ಲಿ ಹೆಣ್ಣನ್ನೊಲಿದ ಹೆಣ್ಣೇ ನಾಯಕಿ. ವಯಸ್ಕರು ಪರಸ್ಪರ ಸಮ್ಮತಿಸಿದ ಇಂಥ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ಸಾರಿತು. ನ್ಯಾಯಾಸನವು ಬಿಡುಗಡೆ ಮಾಡಿದವರನ್ನು ಪರದೆಯು ಅಪಹಾಸ್ಯದಿಂದ ದಂಡಿಸುವುದು ಸಲ್ಲದು. ಮನೆಮಂದಿಯೆಲ್ಲ ನಗುವಾಗ ನಮ್ಮದೇ ಹುಡುಗನೊಬ್ಬನು ಮೂಲೆಯಲ್ಲಿ ತಲೆತಗ್ಗಿಸಿ ಕುಳಿತಿರಬಹುದೆಂಬುದನ್ನು ವಾಚಕರು ಮರೆಯದಿರಲಿ.